ರೋಗಶಯ್ಯೆಯಿಂದ ಗುಡ್ಡದ ಹಾದಿಗೆ

ಮೂಡಿಗೆರೆಯಿಂದ ಪಶ್ಚಿಮಕ್ಕೆ ಹೊರಟು ಬಣಕಲ್ಲನ್ನು ದಾಟಿದರೆ ಕೊಟ್ಟಿಗೆಹಾರ ಸಿಗುತ್ತದೆ. ಇಲ್ಲಿಂದ ಒಂದು ದಾರಿ ಕಳಸ, ಹೊರನಾಡುಗಳ ಕಡೆಗೆ ಒಡೆಯುತ್ತದೆ. ಇನ್ನೊಂದು ಚಾರ್ಮಾಡಿ ಘಾಟಿಯನ್ನಿಳಿದು, ಉಜಿರೆಯ ಮಾರ್ಗವಾಗಿ ಮಂಗಳೂರನ್ನು ಸೇರುತ್ತದೆ. ಪ್ರಯಾಣಿಕರಿಗೆ ಇದು ನೀರುದೋಸೆ ತಿಂದು, ಬಿಸಿ ಕಾಫಿ ಕುಡಿದು, ಮಂಜು ಸರಿಯುವುದನ್ನು ನೋಡುತ್ತ ನಿಲ್ಲುವ ತಾಣ. ಸುತ್ತಲಿನ ಕಾಫಿ ತೋಟಗಳಲ್ಲಿ ದುಡಿಯುವವರಿಗಾದರೋ ಈ ದಾರಿ ಬೇರೊಂದು ಕಾರಣಕ್ಕಾಗಿಯೂ ಪರಿಚಿತವಾಗಿದೆ. ಕಾಯಿಲೆ ಕೈಮೀರಿದಾಗ ರೋಗಿಯನ್ನು ಹೊತ್ತ ವಾಹನವು ಸುಮಾರು 100 ಕಿಲೋಮೀಟರು ದೂರದ ಮಂಗಳೂರಿನ ಆಸ್ಪತ್ರೆಗಳಿಗೆ ಇಳಿಯುವುದು ಇದೇ ತಿರುವುಗಳಲ್ಲಿ. 2019ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಘಾಟಿಯ ರಸ್ತೆ ಮುಚ್ಚಿಹೋದಾಗ, ಈ ಒಂದು ದಾರಿಯ ಬೆಲೆ ಎಷ್ಟೆಂಬುದು ಇಲ್ಲಿಯ ಎಲ್ಲರಿಗೂ ಮನದಟ್ಟಾಯಿತು.

ಘಾಟಿಯನ್ನಿಳಿದು ಹೋದ ರೋಗಿ ಬದುಕಿದರೆ, ಇಲ್ಲವೆ ಎಂಬುದೊಂದೇ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಬದುಕಿದರೆಂದು ತಿಳಿದರೆ ನೆಮ್ಮದಿಯ ಉಸಿರು ಬಿಡುತ್ತೇವೆ. ಆದರೆ ಅದೇ ಘಾಟಿಯನ್ನು ಏರಿ ಮರಳಿ ಬಂದ ಮೇಲೆ ಅವರು ತಮ್ಮ ಮನೆಯ ಮೆಟ್ಟಿಲನ್ನು ಹತ್ತಬಲ್ಲರೆ? ಬಾವಿಯಿಂದ ಒಂದು ಕೊಡ ನೀರು ತರಬಲ್ಲರೆ? ಮುಂದಿನ ಕೊಯ್ಲಿಗೆ ತೋಟಕ್ಕೆ ಹೋಗಬಲ್ಲರೆ? ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಇದರ ಉತ್ತರವು ರೂಪುಗೊಳ್ಳತೊಡಗುವುದು ಮನೆಗೆ ಬಂದ ಮೇಲಲ್ಲ. ರೋಗಿಗೆ ಪ್ರಜ್ಞೆಯೇ ಸರಿಯಾಗಿಲ್ಲದ ದಿನಗಳಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಒಂದು ಉದಾಹರಣೆ

ಮಲೆನಾಡಿನ ಜುಲೈ ತಿಂಗಳನ್ನು ನೆನೆದುಕೊಳ್ಳಿ. 40 ವರ್ಷದ ಒಬ್ಬ ತೋಟದ ಕೆಲಸಗಾರ್ತಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಒದ್ದೆ ಮಣ್ಣಿನಲ್ಲಿ ಕಳೆ ತೆಗೆಯುವಾಗ, ಕಾಲಿನ ಒಂದು ಸಣ್ಣ ಗಾಯದ ಮೂಲಕ ಲೆಪ್ಟೊಸ್ಪೈರ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯವು ಆಕೆಯ ರಕ್ತವನ್ನು ಸೇರಿದೆ. ಇಲಿಗಳ ಮತ್ತು ದನಕರುಗಳ ಮೂತ್ರದಿಂದ ನೀರಿಗೂ ಮಣ್ಣಿಗೂ ಸೇರುವ ಈ ಜೀವಿಯಿಂದ ಬರುವ ಕಾಯಿಲೆಯನ್ನು ನಮ್ಮ ಜನ ಇಲಿಜ್ವರವೆನ್ನುತ್ತಾರೆ. ಮೊದಲು ಚಳಿ, ಜ್ವರ, ಮೀನಖಂಡಗಳಲ್ಲಿ ವಿಪರೀತ ನೋವು. ಬಹುಮಂದಿಗೆ ಇಷ್ಟರಲ್ಲಿಯೇ ಔಷಧದಿಂದ ವಾಸಿಯಾಗುತ್ತದೆ. ಕೆಲವರಲ್ಲಿ ಮಾತ್ರ ಅದು ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳನ್ನು ಹಿಡಿಯುತ್ತದೆ. ಈಕೆಗೂ ಹಾಗೆಯೇ ಆಯಿತೆನ್ನೋಣ. ಉಸಿರು ಸಾಲದಾಯಿತು; ಘಾಟಿಯನ್ನಿಳಿಸಿದರು; ತೀವ್ರ ನಿಗಾ ಘಟಕದಲ್ಲಿ ಗಂಟಲಿಗೆ ಕೊಳವೆಯನ್ನಿಳಿಸಿ, ವೆಂಟಿಲೇಟರ್ ಎಂಬ ಉಸಿರಾಟದ ಯಂತ್ರಕ್ಕೆ ಜೋಡಿಸಿದರು; ಕೊಳವೆಯ ಬಾಧೆ ತಿಳಿಯದಿರಲೆಂದು ಮಂಪರಿನ ಮದ್ದನ್ನು ಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕುಳಿತ ಮನೆಯವರಿಗೆ ಆಕೆ ವಿಶ್ರಾಂತಿಯಲ್ಲಿದ್ದಾಳೆಂದು ತೋರುತ್ತದೆ. ಕಣ್ಣು ಮುಚ್ಚಿದೆ, ಕೈಕಾಲುಗಳು ಅಲ್ಲಾಡುತ್ತಿಲ್ಲ. ಆದರೆ ದೇಹದೊಳಗೆ ನಡೆಯುತ್ತಿರುವುದು ವಿಶ್ರಾಂತಿಯಲ್ಲ.

ಹಾಸಿಗೆಯೂ ಒಂದು ಅಪಾಯ

ಕಾಯಿಲೆಗೆ ಹಾಸಿಗೆಯೇ ಮದ್ದೆಂಬ ನಂಬಿಕೆ ಬಹು ಹಳೆಯದು. ಅದನ್ನು ಮೊದಲು ಬಲವಾಗಿ ಪ್ರಶ್ನಿಸಿದವರಲ್ಲಿ ರಿಚರ್ಡ್ ಆಶರ್ ಎಂಬ ಆಂಗ್ಲ ವೈದ್ಯರು ಒಬ್ಬರು. ಮಲಗಿಸುವುದರ ಅಪಾಯಗಳನ್ನು ಒಂದೊಂದಾಗಿ ಎಣಿಸಿ ಅವರು 1947ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದ ಲೇಖನ ಇಂದಿಗೂ ಪ್ರಸಿದ್ಧವಾಗಿದೆ. ಅಂಗಾತ ಮಲಗಿದ ಶ್ವಾಸಕೋಶದ ತಳಭಾಗದಲ್ಲಿ ಕಫ ನಿಲ್ಲುತ್ತದೆ. ಕಾಲಿನ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುವ ಸಂಭವವಿದೆ. ಮೂಳೆಯ ಉಬ್ಬುಗಳಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ ರಕ್ತವಿಲ್ಲದೆ ಸತ್ತು ಹಾಸಿಗೆಹುಣ್ಣಾಗುತ್ತದೆ. ಕೀಲುಗಳು ಬಿಗಿಯುತ್ತವೆ, ಮೂಳೆಗಳಿಂದ ಸುಣ್ಣದ ಅಂಶ ಕರಗಿ ಮೂತ್ರದಲ್ಲಿ ಹೋಗುತ್ತದೆ.

ಕಾಯಿಲೆಯೇ ಇಲ್ಲದ ದೇಹವನ್ನು ಸುಮ್ಮನೆ ಮಲಗಿಸಿದರೆ ಏನಾದೀತು? ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ಐವರು ಆರೋಗ್ಯವಂತ ತರುಣರನ್ನು 20 ದಿನ ಹಾಸಿಗೆಯಲ್ಲಿರಿಸಿ ಪರೀಕ್ಷಿಸಿದರು. ಅವರ ದೇಹವು ಒಂದು ನಿಮಿಷದಲ್ಲಿ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ನೂರಕ್ಕೆ 25ಕ್ಕಿಂತಲೂ ಹೆಚ್ಚಾಗಿ ಇಳಿದುಹೋಗಿತ್ತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮರಳಿ ಪರೀಕ್ಷಿಸಿದಾಗ ಸ್ವಾರಸ್ಯವಾದ ಸಂಗತಿಯೊಂದು ಕಂಡುಬಂತು. ಮೂವತ್ತು ವರ್ಷಗಳ ಮುಪ್ಪು ಅವರ ದೇಹಶಕ್ತಿಯಿಂದ ಕಸಿದುಕೊಂಡದ್ದಕ್ಕಿಂತ, ಆ ಮೂರು ವಾರಗಳ ಹಾಸಿಗೆವಾಸ ಕಸಿದುಕೊಂಡದ್ದೇ ಹೆಚ್ಚು! ಭಾಗ್ಯವಶಾತ್ ತರುಣರು ಅಂದು ಎದ್ದು ವ್ಯಾಯಾಮ ಮಾಡಿ, ಕಳೆದುಕೊಂಡುದನ್ನು ಕೆಲವೇ ವಾರಗಳಲ್ಲಿ ಮರಳಿ ಪಡೆದಿದ್ದರು.

ಇದಕ್ಕೆ ಮೂಲಕಾರಣ ಭೂಮಿಯ ಗುರುತ್ವಾಕರ್ಷಣ. ನಾವು ನಿಂತಾಗ ಕಾಲು, ಬೆನ್ನುಗಳ ಸ್ನಾಯುಗಳು ದೇಹದ ಭಾರವನ್ನು ಹೊರುತ್ತವೆ; ಹೃದಯವು ರಕ್ತವನ್ನು ತಲೆಯವರೆಗೆ ಎತ್ತುತ್ತದೆ; ರಕ್ತನಾಳಗಳು ಬೇಕಾದಂತೆ ಬಿಗಿದುಕೊಂಡು ರಕ್ತವೆಲ್ಲ ಕಾಲಿಗಿಳಿಯದಂತೆ ತಡೆಯುತ್ತವೆ. ಮಲಗಿದವರಿಗೆ ಈ ದುಡಿಮೆಯೊಂದೂ ಇಲ್ಲ. ಗುರುತ್ವದ ಹೊರೆಯಿಲ್ಲದ ಬಾಹ್ಯಾಕಾಶದಲ್ಲಿ ಇರುವವರಿಗೂ ಇದೇ ಗತಿ. 2025ರ ಜುಲೈಯಲ್ಲಿ ಭಾರತದ ಶುಭಾಂಶು ಶುಕ್ಲಾ ಸುಮಾರು ಮೂರು ವಾರಗಳ ಯಾತ್ರೆಯನ್ನು ಮುಗಿಸಿ ಭೂಮಿಗೆ ಮರಳಿದಾಗ, ಅಷ್ಟು ದೃಢಕಾಯರಾದ ಅವರನ್ನೂ ಇಬ್ಬದಿಯಲ್ಲಿ ಹಿಡಿದು ನಡೆಸಿದುದನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು.

ಸ್ನಾಯುವೆಂಬ ಕುಡಿಕೆ ಹೊನ್ನು

ಡಲ್ಲಾಸಿನ ತರುಣರಿಗೆ ಕಾಯಿಲೆಯಿರಲಿಲ್ಲ. ನಮ್ಮ ರೋಗಿಗೆ ಹಾಸಿಗೆಯೊಂದು, ಕಾಯಿಲೆಯೊಂದು, ಹೀಗೆ ಇಬ್ಬರು ಶತ್ರುಗಳು.

ವಯಸ್ಕರ ದೇಹದ ತೂಕದಲ್ಲಿ ಸುಮಾರು ಮೂರರಲ್ಲೊಂದು ಭಾಗ, ಅಥವಾ ಅದಕ್ಕಿಂತಲೂ ಹೆಚ್ಚು, ಎಲುಬಿಗಂಟಿದ ಸ್ನಾಯುಗಳದ್ದು. ಸ್ನಾಯುವು ಗೋಡೆಯ ಇಟ್ಟಿಗೆಯಂತೆ ಒಮ್ಮೆ ಕಟ್ಟಿ ಮುಗಿಸಿದ್ದಲ್ಲ. ಅದರ ಪ್ರೋಟೀನುಗಳು ಪ್ರತಿದಿನವೂ ಒಡೆಯುತ್ತವೆ. ಪ್ರತಿದಿನವೂ ಹೊಸದಾಗಿ ಕಟ್ಟಲ್ಪಡುತ್ತವೆ. ಕಟ್ಟುವ ಕೆಲಸಕ್ಕೆ ಅಪ್ಪಣೆ ಕೊಡುವುದು ದುಡಿಮೆ ಮತ್ತು ಆಹಾರ. ದುಡಿಮೆ ನಿಂತರೆ ಕಟ್ಟುವುದು ಕುಗ್ಗುತ್ತದೆ. ಮೇಲಾಗಿ, ಭಾರಿ ಸೋಂಕು ತಗುಲಿದ ದೇಹದಲ್ಲಿ ಉರಿಯೂತದ ಸಂದೇಶವನ್ನು ಒಯ್ಯುವ ರಾಸಾಯನಿಕಗಳು ರಕ್ತದಲ್ಲಿ ತುಂಬಿ, ಒಡೆಯುವ ಕೆಲಸವನ್ನು ಹೆಚ್ಚಿಸುತ್ತವೆ. ಒಡೆದ ಪ್ರೋಟೀನಿನ ಅಂಶಗಳನ್ನು ದೇಹವು ರೋಗನಿರೋಧಕ ಕಣಗಳಿಗೂ ಶಕ್ತಿಯ ಉತ್ಪಾದನೆಗೂ ಬಳಸಿಕೊಳ್ಳುತ್ತದೆ. ಆಪತ್ಕಾಲಕ್ಕೆಂದು ಕೂಡಿಟ್ಟ ಹಣವನ್ನು ತೆಗೆದು ಖರ್ಚುಮಾಡಿದ ಹಾಗೆ. ಆದರೆ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಖರ್ಚಿನ ವೇಗವೆಷ್ಟು? ಲಂಡನ್ನಿನಲ್ಲಿ ತೀವ್ರ ನಿಗಾ ಘಟಕದ 63 ರೋಗಿಗಳ ತೊಡೆಯ ಸ್ನಾಯುವನ್ನು ಶ್ರವಣಾತೀತ ಧ್ವನಿಯ ಉಪಕರಣದಿಂದ ಅಳೆದು 2013ರಲ್ಲಿ ಪ್ರಕಟಿಸಿದ ವರದಿಯಂತೆ, ಹತ್ತನೆಯ ದಿನದ ಹೊತ್ತಿಗೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ನೂರಕ್ಕೆ 17.7ರಷ್ಟು ಕುಗ್ಗಿತ್ತು. ಕೆಟ್ಟ ಅಂಗಗಳ ಸಂಖ್ಯೆ ಹೆಚ್ಚಿದಂತೆ ನಷ್ಟವೂ ಹೆಚ್ಚಿತ್ತು.

ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಕಥೆ ಇನ್ನೂ ಗಂಭೀರ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಈ ಸ್ನಾಯುವು ಹುಟ್ಟಿದಂದಿನಿಂದ ಒಂದು ದಿನವೂ ರಜೆ ಪಡೆದುದಲ್ಲ. ಯಂತ್ರವು ಅದರ ಕೆಲಸವನ್ನು ಪೂರ್ತಿ ವಹಿಸಿಕೊಂಡರೆ ಏನಾಗುತ್ತದೆ? ಮಿದುಳು ಸತ್ತು, ಅಂಗದಾನಕ್ಕಾಗಿ 18ರಿಂದ 69 ಗಂಟೆಗಳ ಕಾಲ ಯಂತ್ರದ ಮೇಲಿದ್ದವರ ವಪೆಯನ್ನು ಪರೀಕ್ಷಿಸಿ 2008ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸಿತು. ಎರಡು ಮೂರು ಗಂಟೆ ಮಾತ್ರ ಯಂತ್ರದ ಮೇಲಿದ್ದವರ ವಪೆಯೊಡನೆ ಹೋಲಿಸಿದಾಗ, ಇವರ ವಪೆಯ ತಂತುಗಳ ಗಾತ್ರ ಅರ್ಧಕ್ಕಿಂತಲೂ ಕಡಮೆಯಿತ್ತು. ಮೂರು ದಿನಗಳೂ ತುಂಬದಿರುವಾಗಲೇ ಇಷ್ಟು! ಆದುದರಿಂದಲೇ ಈಗಿನ ವೈದ್ಯರು, ರೋಗಿಯ ಸ್ಥಿತಿ ಒಪ್ಪಿದೊಡನೆ ಯಂತ್ರದ ಆಸರೆಯನ್ನು ಸ್ವಲ್ಪ ತಗ್ಗಿಸಿ, ವಪೆಯೂ ದುಡಿಯುವಂತೆ ನೋಡಿಕೊಳ್ಳುತ್ತಾರೆ.

ಸ್ನಾಯುಗಳಿಗೆ ಆಜ್ಞೆಯನ್ನೊಯ್ಯುವ ನರಗಳೂ ಈ ಕಾಯಿಲೆಯಲ್ಲಿ ಕೆಡಬಲ್ಲವು. ಕೆನಡದ ಚಾರ್ಲ್ಸ್ ಬೋಲ್ಟನ್ ಮತ್ತು ಅವರ ಸಂಗಡಿಗರು ಇದನ್ನು 1984ರಲ್ಲಿ ವಿವರಿಸಿದರು. ನರವೂ ಸ್ನಾಯುವೂ ಕೂಡಿ ಸೋತಾಗ ರೋಗಿಗೆ ಕೈಯೆತ್ತುವುದೂ ಕಷ್ಟವಾಗುತ್ತದೆ. ಈ ಬಲಹೀನತೆಯನ್ನು ಅಳೆಯುವ ಕ್ರಮ ಬಹು ಸರಳವಾಗಿದೆ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡು, ಹೀಗೆ ಆರು ಚಲನೆಗಳು. ಎಡಬಲಗಳಲ್ಲಿ ಒಟ್ಟು ಹನ್ನೆರಡು. ಸ್ನಾಯು ಸ್ವಲ್ಪವೂ ಮಿಡಿಯದಿದ್ದರೆ 0, ಗುರುತ್ವಕ್ಕೆ ಎದುರಾಗಿ ಅಂಗವನ್ನೆತ್ತಬಲ್ಲದಾದರೆ 3, ಪೂರ್ಣಬಲವಿದ್ದರೆ 5. ಒಟ್ಟು ಅಂಕ 60. ಇದು 48ಕ್ಕಿಂತ ಕಡಮೆಯಾದರೆ ತೀವ್ರ ನಿಗಾ ಘಟಕದಲ್ಲಿ ಬಂದ ಬಲಹೀನತೆಯೆಂದು ಪರಿಗಣಿಸುತ್ತಾರೆ. ಔಷಧವಾಗಲಿ ದುಬಾರಿ ಯಂತ್ರವಾಗಲಿ ಇದಕ್ಕೆ ಬೇಡ. ಎಚ್ಚರವಿರುವ ರೋಗಿ, ತಾಳ್ಮೆಯುಳ್ಳ ಪರೀಕ್ಷಕ, ಇಷ್ಟೇ ಸಾಕು.

ಕೋಪನ್‌ಹೇಗನ್ನಿನಿಂದ ಇಂದಿನವರೆಗೆ

“ಎಚ್ಚರವಿರುವ ರೋಗಿ” ಎಂದೆವಷ್ಟೆ. ಇಲ್ಲಿಯೇ ಈ ಶಾಸ್ತ್ರದ ಇತಿಹಾಸದ ಒಂದು ಮುಖ್ಯ ತಿರುವಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಪಿಡುಗು ಹಿಡಿಯಿತು. ಉಸಿರಾಟದ ಸ್ನಾಯುಗಳು ಸೋತವರ ಗಂಟಲಿಗೆ ರಂಧ್ರಮಾಡಿ, ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿಯೂದುವ ಉಪಾಯವನ್ನು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಸೂಚಿಸಿದರು. ಯಂತ್ರಗಳು ಸಾಲದುದರಿಂದ ಸುಮಾರು 1,500 ಮಂದಿ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಚೀಲವನ್ನೊತ್ತಿ ಜೀವಗಳನ್ನುಳಿಸಿದರು. ನಿಮ್ಮಂಥ ವಿದ್ಯಾರ್ಥಿಗಳ ಕೈಗಳೇ ಅಂದಿನ ವೆಂಟಿಲೇಟರುಗಳಾಗಿದ್ದುವೆಂಬುದನ್ನು ಮರೆಯಬೇಡಿ. ಮರುವರ್ಷ, 1953ರಲ್ಲಿ, ಇಬ್ಸೆನ್ನರು ತೀವ್ರ ನಿಗಾ ಘಟಕವನ್ನು ತೆರೆದರು. ಪ್ರಪಂಚದಲ್ಲಿ ಅಂಥವುಗಳ ಪೈಕಿ ಅದೇ ಮೊದಲನೆಯದೆಂದು ಎಣಿಸಲ್ಪಟ್ಟಿದೆ. ಅದೇ 1953ರಲ್ಲಿ ನಮ್ಮ ಕರಾವಳಿಯ ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈ ಅವರ ಪ್ರಯತ್ನದಿಂದ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಯಿತು. ಘಾಟಿಯನ್ನಿಳಿದರೆ ದೊಡ್ಡ ವೈದ್ಯರಿದ್ದಾರೆಂಬ ಮಲೆನಾಡಿನವರ ಭರವಸೆ ಬೆಳೆದುದು ಹೀಗೆ.

ಯಂತ್ರಗಳು ಬೆಳೆದಂತೆ ಅವುಗಳ ಬಾಧೆಯನ್ನು ಮರೆಸಲು ಮಂಪರಿನ ಮದ್ದುಗಳೂ ಬೆಳೆದುವು. ಕಾಲಕ್ರಮದಲ್ಲಿ ಗಾಢನಿದ್ರೆಯಲ್ಲಿ ಅಲುಗಾಡದೆ ಮಲಗಿದ ರೋಗಿಯೇ ವಾಡಿಕೆಯಾದನು. 2000ದಲ್ಲಿ ಷಿಕಾಗೋ ನಗರದ ವೈದ್ಯರು 128 ರೋಗಿಗಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ದಿನಕ್ಕೊಮ್ಮೆ ಮಂಪರಿನ ಮದ್ದನ್ನು ನಿಲ್ಲಿಸಿ ರೋಗಿಯನ್ನು ಎಚ್ಚರಗೊಳಿಸಿದರೆ ಯಂತ್ರದ ಮೇಲಿರುವ ಕಾಲ 7.3 ದಿನಗಳಿಂದ 4.9 ದಿನಗಳಿಗೆ ಇಳಿಯುತ್ತದೆಂದು ಅದು ತೋರಿಸಿತು. ಎಚ್ಚೆತ್ತ ರೋಗಿ ಕೈಕಾಲುಗಳನ್ನು ಆಡಿಸಬಲ್ಲ. 2007ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ಬಂದ ವರದಿಯಲ್ಲಿ 103 ರೋಗಿಗಳನ್ನು ಒಟ್ಟು 1,449 ಬಾರಿ ಕೂರಿಸಿಯೋ ನಿಲ್ಲಿಸಿಯೋ ನಡೆಸಿಯೋ ಇದ್ದರು. ಅಹಿತ ಘಟನೆಗಳು ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕೊಳವೆ ಗಂಟಲಲ್ಲಿರುವಾಗಲೇ ರೋಗಿ ನಡೆಯಬಹುದೆಂಬುದು ಅನೇಕ ವೈದ್ಯರಿಗೂ ಹೊಸ ನೋಟವಾಗಿತ್ತು.

2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೂ ಖಚಿತವಾದ ಪರೀಕ್ಷೆಯೊಂದು ಪ್ರಕಟವಾಯಿತು. 104 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲ ದಿನಗಳಿಂದಲೇ ವ್ಯಾಯಾಮವನ್ನು ಕೊಟ್ಟರು. ಆಸ್ಪತ್ರೆಯಿಂದ ಹೊರಡುವಾಗ ಸ್ನಾನ, ಉಡುಪು, ಊಟ, ನಡಿಗೆ ಮೊದಲಾದುವನ್ನು ಸ್ವತಂತ್ರವಾಗಿ ಮಾಡಿಕೊಳ್ಳಬಲ್ಲವರು ಈ ಗುಂಪಿನಲ್ಲಿ ನೂರಕ್ಕೆ 59, ಇನ್ನೊಂದರಲ್ಲಿ 35. ಸನ್ನಿ ಹಿಡಿದಿದ್ದ ದಿನಗಳು ಇವರಲ್ಲಿ ಎರಡು, ಅವರಲ್ಲಿ ನಾಲ್ಕು. ದೇಹವನ್ನು ಆಡಿಸಿದರೆ ಮನಸ್ಸೂ ತಿಳಿಯಾಗುವುದೆಂಬುದು ಇಲ್ಲಿಯ ವಿಶೇಷ. 2023ರಲ್ಲಿ ಪ್ರಕಟವಾದ 200 ರೋಗಿಗಳ ಪರೀಕ್ಷೆಯಲ್ಲಿಯೂ, ಒಂದು ವರ್ಷದ ನಂತರ ನೆನಪು, ವಿಚಾರಶಕ್ತಿಗಳ ಕುಂದು ಬೇಗನೆ ವ್ಯಾಯಾಮ ಪಡೆದವರಲ್ಲಿ ನೂರಕ್ಕೆ 24, ಉಳಿದವರಲ್ಲಿ 43 ಆಗಿತ್ತು.

ಚಲನೆಯ ಮೆಟ್ಟಿಲುಗಳು

ಈಗ ನಮ್ಮ ಕೆಲಸಗಾರ್ತಿಯ ಬಳಿಗೆ ಮರಳೋಣ. ಆಕೆಯ ವ್ಯಾಯಾಮ ಯಾವಾಗ ಆರಂಭವಾಗಬೇಕು?

ಮೊದಲ ಎರಡು ದಿನ ಆಕೆಗೆ ಕೊಡುವ ಗಾಳಿಯಲ್ಲಿ ನೂರಕ್ಕೆ 80 ಭಾಗ ಆಮ್ಲಜನಕ ಬೇಕಾಗಿದೆ ಎನ್ನೋಣ. ನಾವು ಉಸಿರಾಡುವ ಗಾಳಿಯಲ್ಲಿರುವುದು 21 ಭಾಗ ಮಾತ್ರ. ರಕ್ತದ ಒತ್ತಡವೂ ಔಷಧದ ಬಲದಿಂದ ನಿಂತಿದೆ. ಇದು ಕೆಂಪು ದೀಪದ ಕಾಲ. 2014ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ, ರೋಗಿಯನ್ನು ಆಡಿಸುವುದಕ್ಕೆ ರಸ್ತೆಯ ದೀಪಗಳಂತೆಯೇ ಕೆಂಪು, ಹಳದಿ, ಹಸುರು ಸೂಚನೆಗಳನ್ನು ರಚಿಸಿದರು. ರಕ್ತಸ್ರಾವ ನಡೆಯುತ್ತಿದ್ದರೆ, ಬೆನ್ನುಮೂಳೆ ಮುರಿದು ಅಸ್ಥಿರವಾಗಿದ್ದರೆ, ತಲೆಬುರುಡೆಯೊಳಗಿನ ಒತ್ತಡ ಏರಿದ್ದರೆ ಎಬ್ಬಿಸಿ ಕೂರಿಸುವ ಮಾತಿಲ್ಲ. ಆಮ್ಲಜನಕದ ಭಾಗ 60ನ್ನು ಮೀರದೆ, ರಕ್ತದಲ್ಲಿ ಅದರ ತುಂಬುವಿಕೆ 90ಕ್ಕಿಂತ ಕೆಳಗಿಳಿಯದೆ, ಉಸಿರಿನ ಸಂಖ್ಯೆ ನಿಮಿಷಕ್ಕೆ 30ರೊಳಗಿದ್ದರೆ ಉಸಿರಾಟದ ಮಟ್ಟಿಗೆ ಹಸುರು ದೀಪ.

ಕೆಂಪು ದೀಪವಿದ್ದಾಗಲೂ ಸುಮ್ಮನಿರುವುದಿಲ್ಲ. ದಾದಿಯರು ಹೊತ್ತುಹೊತ್ತಿಗೆ ಆಕೆಯ ಮಗ್ಗುಲನ್ನು ಬದಲಿಸುತ್ತಾರೆ. ತಲೆಯ ಕಡೆಯನ್ನು ಎತ್ತರಿಸುತ್ತಾರೆ. ವ್ಯಾಯಾಮ ಚಿಕಿತ್ಸಕರು, ಎಂದರೆ ಫಿಸಿಯೋಥೆರಪಿಸ್ಟರು, ಒಂದೊಂದು ಕೀಲನ್ನೂ ಮೆಲ್ಲಗೆ ಮಡಿಸಿ ಬಿಡಿಸುತ್ತಾರೆ. ಪಾದವು ಮುಂದಕ್ಕೆ ಜೋತು ಬಿಗಿಯದಂತೆ ನೇರವಾಗಿ ನಿಲ್ಲಿಸುತ್ತಾರೆ. ಇದರಿಂದ ಸ್ನಾಯು ಬೆಳೆಯದು; ಕೀಲು ಉಳಿದೀತು.

ನಾಲ್ಕನೆಯ ದಿನ ಆಮ್ಲಜನಕ 50ಕ್ಕೆ ಇಳಿಯಿತು. ಬೆಳಗ್ಗೆ ಮಂಪರಿನ ಮದ್ದನ್ನು ನಿಲ್ಲಿಸಿದರು. “ಅಮ್ಮಾ, ಕಣ್ಣು ಬಿಡಿ. ನನ್ನ ಕೈಯನ್ನು ಒತ್ತಿ ನೋಡುವ” ಎಂದು ಚಿಕಿತ್ಸಕಿ ಕಿವಿಯ ಬಳಿ ಹೇಳಿದಳು. ಕೈ ಒತ್ತಿತು, ಬಲ ಮಾತ್ರ ಹಸುಳೆಯದು. ಇದು ಮೊದಲನೆಯ ಮೆಟ್ಟಿಲು. ಎರಡನೆಯದು, ಮಲಗಿದಲ್ಲಿಯೇ ಮಂಡಿಯನ್ನು ಮಡಿಸುವುದು, ಹಿಮ್ಮಡಿಯನ್ನು ಒತ್ತುವುದು. ಮೂರನೆಯದು, ಇಬ್ಬರು ಮೂವರು ಹಿಡಿದು ಮಂಚದ ಅಂಚಿನಲ್ಲಿ ಕಾಲಿಳಿಬಿಟ್ಟು ಕೂರಿಸುವುದು. ನೋಡುವವರಿಗೆ ಇದೇನು ಮಹಾ ಎನಿಸೀತು. ಆದರೆ ಆ ಐದು ನಿಮಿಷಗಳಲ್ಲಿ ಆಕೆಯ ಕುತ್ತಿಗೆ ತಲೆಯ ಭಾರವನ್ನು ಹೊತ್ತಿದೆ. ಬೆನ್ನು ಮುಂಡವನ್ನು ನಿಲ್ಲಿಸಿದೆ. ಶ್ವಾಸಕೋಶದ ತಳ ಅರಳಿದೆ. ಹೃದಯಕ್ಕೆ ಗುರುತ್ವದ ನೆನಪಾಗಿದೆ. ನಾಲ್ಕನೆಯ ಮೆಟ್ಟಿಲು ನಿಲ್ಲುವುದು, ಐದನೆಯದು ಕುರ್ಚಿಗೆ ಸರಿಯುವುದು, ಆರನೆಯದು ಹೆಜ್ಜೆಯಿಡುವುದು. ಪ್ರತಿಯೊಂದರಲ್ಲಿಯೂ ಒಬ್ಬರು ಕೊಳವೆಗಳನ್ನು ಕಾಯುತ್ತಾರೆ, ಒಬ್ಬರು ನಾಡಿಯ ಮತ್ತು ಒತ್ತಡದ ಅಂಕೆಗಳನ್ನು ನೋಡುತ್ತಾರೆ. ಅಂಕೆಗಳು ತಪ್ಪಿದರೆ ಒಂದು ಮೆಟ್ಟಿಲು ಹಿಂದಕ್ಕೆ.

ಮನೆಯವರಿಗೂ ಇಲ್ಲಿ ಕೆಲಸವುಂಟು. ಸನ್ನಿಯಲ್ಲಿರುವ ರೋಗಿಗೆ ತಾನೆಲ್ಲಿದ್ದೇನೆಂಬುದು ತಿಳಿಯದು. ಮಗನು ಬಂದು, “ಅವ್ವಾ, ಇದು ಮಂಗಳೂರು, ಇವತ್ತು ಸೋಮವಾರ, ಬೆಳಗಾಗಿದೆ, ಊರಿನಲ್ಲಿ ಮಳೆ ಬಿಟ್ಟಿಲ್ಲ” ಎಂದರೆ ಆ ಮಾತು ಮದ್ದಿನಷ್ಟೇ ಬೆಲೆಯುಳ್ಳದ್ದು. ಕನ್ನಡಕ ಹಾಕುವವರಾದರೆ ಅದನ್ನು ತಂದುಕೊಡುವುದು, ರಾತ್ರಿ ದೀಪವನ್ನು ತಗ್ಗಿಸಿ ನಿದ್ರೆಗೆ ಅನುಕೂಲಿಸುವುದು, ಇವೂ ಚಿಕಿತ್ಸೆಯ ಅಂಗಗಳೇ.

ಹಿತವೆಷ್ಟು, ಅತಿಯೆಷ್ಟು?

ಇಷ್ಟು ಹೇಳಿದ ಮೇಲೆ, ವ್ಯಾಯಾಮ ಹೆಚ್ಚಾದಷ್ಟೂ ಒಳ್ಳೆಯದೆಂದು ನೀವು ತೀರ್ಮಾನಿಸಬಹುದು. ವಿಜ್ಞಾನವು ಅಷ್ಟು ಸುಲಭವಾಗಿ ತೀರ್ಮಾನಕ್ಕೆ ಬರುವುದಿಲ್ಲ. ಆಸ್ಟ್ರೇಲಿಯದ ಕ್ಯಾರಲ್ ಹಾಜ್ಸನ್ ಅವರ ನೇತೃತ್ವದಲ್ಲಿ ಆರು ದೇಶಗಳ 750 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಹೊರಬಂತು. ಒಂದು ಗುಂಪಿಗೆ ದಿನಕ್ಕೆ ಸರಾಸರಿ 20.8 ನಿಮಿಷಗಳ ಸಕ್ರಿಯ ಚಲನೆ. ಇನ್ನೊಂದಕ್ಕೆ ವಾಡಿಕೆಯ ಆರೈಕೆಯೊಳಗೇ ದೊರೆತ 8.8 ನಿಮಿಷ. ಆರು ತಿಂಗಳಲ್ಲಿ ರೋಗಿಗಳು ಆಸ್ಪತ್ರೆಯ ಹೊರಗೆ ಜೀವಂತವಾಗಿ ಕಳೆದ ದಿನಗಳನ್ನೆಣಿಸಿದರೆ ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಹೃದಯದ ಲಯ ತಪ್ಪುವುದು, ಒತ್ತಡ ಏರಿಳಿಯುವುದು ಮೊದಲಾದ ಅಹಿತಗಳು ಮಾತ್ರ ಹೆಚ್ಚು ಚಲನೆಯ ಗುಂಪಿನಲ್ಲಿ ನೂರಕ್ಕೆ 9.2, ಇನ್ನೊಂದರಲ್ಲಿ 4.1.

ಇದರಿಂದ ಹಿಂದಿನ ಪರೀಕ್ಷೆಗಳು ಸುಳ್ಳಾದುವೆ? ಇಲ್ಲ. ಎರಡನೆಯ ಗುಂಪಿನವರು ನಿಶ್ಚಲವಾಗಿ ಮಲಗಿದ್ದವರಲ್ಲ; ಅವರಿಗೂ ಚಲನೆ ದೊರೆಯುತ್ತಿತ್ತು ಎಂಬುದನ್ನು ಗಮನಿಸಿ. ಏನೂ ಇಲ್ಲದಿರುವುದಕ್ಕೂ ಸ್ವಲ್ಪವಿರುವುದಕ್ಕೂ ಅಂತರವಿದೆ. ಸ್ವಲ್ಪವನ್ನು ಬಹಳವಾಗಿಸುವುದರಲ್ಲಿ ಅಷ್ಟೇ ಲಾಭವಿರಲಾರದು. ಚಲನೆಯೂ ಒಂದು ಔಷಧ. ಅದಕ್ಕೂ ಮಾತ್ರೆಯುಂಟು, ಹೊತ್ತುಂಟು, ಅಪಥ್ಯವುಂಟು. ಮಳೆ ಬೇಕೆಂದು ಕಾಫಿ ಹೂವಿಗೆ ಜುಲೈಯ ಮಳೆಯನ್ನು ಸುರಿಸಲಾದೀತೆ? ಅದಕ್ಕೆ ಬೇಕಾದುದು ಮಾರ್ಚಿಯ ಹದವಾದ ಹೂಮಳೆ.

ಮನೆಯ ಮುಂದಿನ ಗುಡ್ಡ

ಒಂಬತ್ತನೆಯ ದಿನ ನಮ್ಮ ರೋಗಿಯ ಕೊಳವೆಯನ್ನು ತೆಗೆದರು. ಇಪ್ಪತ್ತನೆಯ ದಿನ, ಗೋಡೆ ಹಿಡಿಯದೆ ಹಜಾರದಲ್ಲಿ 60 ಮೀಟರು ನಡೆದು ಆಕೆ ಮನೆಗೆ ಹೊರಟಳು. ಕಥೆ ಸುಖಾಂತವಾದಂತೆ ತೋರುತ್ತದೆ. ಆದರೆ ಟೊರಾಂಟೊ ನಗರದ ಮಾರ್ಗರೆಟ್ ಹೆರಿಜ್ ಮತ್ತು ಸಂಗಡಿಗರು, ಶ್ವಾಸಕೋಶದ ತೀವ್ರ ವೈಫಲ್ಯದಿಂದ ಬದುಕುಳಿದ 109 ಮಂದಿಯನ್ನು ಅನುಸರಿಸಿ 2003ರಲ್ಲಿ ಪ್ರಕಟಿಸಿದ ವಿವರಗಳನ್ನು ಕೇಳಿ. ಒಂದು ವರ್ಷದ ನಂತರ ಆರು ನಿಮಿಷಗಳಲ್ಲಿ ಅವರು ನಡೆಯಬಲ್ಲ ದೂರದ ಮಧ್ಯಮಾಂಕ 422 ಮೀಟರು; ಅವರ ವಯಸ್ಸಿನವರಿಂದ ನಿರೀಕ್ಷಿತವಾದುದರ ಮೂರರಲ್ಲೆರಡು ಪಾಲು ಮಾತ್ರ. ಕೆಲಸಕ್ಕೆ ಮರಳಿದವರು ಅರ್ಧದಷ್ಟು ಜನ. ಐದು ವರ್ಷಗಳ ನಂತರವೂ ಆ ದೂರ 436 ಮೀಟರಿಗೆ ಮಾತ್ರ ಏರಿತ್ತು. ಶ್ವಾಸಕೋಶಗಳು ಬಹುಮಟ್ಟಿಗೆ ಸುಧಾರಿಸಿದ್ದುವು, ಸೋತದ್ದು ಕೈಕಾಲುಗಳು.

422 ಮೀಟರೆಂಬುದು ಸಮತಟ್ಟಾದ ಹಜಾರದ ಲೆಕ್ಕ. ಕೊಟ್ಟಿಗೆಹಾರದ ಸುತ್ತಮುತ್ತ ಸಮತಟ್ಟು ಎಲ್ಲಿದೆ? ಒಂದು ಸಣ್ಣ ಲೆಕ್ಕ ಮಾಡೋಣ. ರಸ್ತೆಯಿಂದ ಮನೆಯವರೆಗಿನ ಏರು 30 ಮೀಟರು ಎತ್ತರ, ಆಕೆಯ ತೂಕ 55 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಏರುವಾಗ ಮಾಡಬೇಕಾದ ಕೆಲಸ 55 × 9.8 × 30, ಎಂದರೆ ಸುಮಾರು 16,000 ಜೂಲು. ಇದನ್ನು ಆರು ನಿಮಿಷಗಳಲ್ಲಿ ಮುಗಿಸಿದರೆ ಸಾಮರ್ಥ್ಯ ಸುಮಾರು 45 ವಾಟು. ಸ್ನಾಯುಗಳು ತಾವು ಬಳಸಿದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವಾಗಿಸುವುದರಿಂದ ದೇಹ ವ್ಯಯಿಸಬೇಕಾದುದು ಸುಮಾರು 180 ವಾಟು. ವಿಶ್ರಾಂತಿಯಲ್ಲಿರುವಾಗ ಆಕೆಯ ದೇಹ ಬಳಸುವುದು 60ರಿಂದ 70 ವಾಟು. ಹಾಗಾದರೆ ಮನೆಯ ದಾರಿಯೇ ವಿಶ್ರಾಂತಿಯ ಖರ್ಚಿನ ಮೇಲೆ ಅದರ ಸುಮಾರು ಮೂರು ಪಟ್ಟನ್ನು ಬೇಡುತ್ತದೆ. ಇನ್ನು ತಲೆಯ ಮೇಲೆ ಕಾಫಿ ಹಣ್ಣಿನ ಚೀಲವಿದ್ದರೆ, ಮೆಣಸು ಕೊಯ್ಯಲು ಏಣಿಯೇರಬೇಕಾದರೆ, ಲೆಕ್ಕವನ್ನು ನೀವೇ ಮಾಡಬಹುದು.

ಆದುದರಿಂದ ಮಂಗಳೂರಿನ ಹಜಾರದಲ್ಲಿ ತೊಡಗಿದ ಚಿಕಿತ್ಸೆ ಮನೆಯ ಮುಂದಿನ ಗುಡ್ಡದ ಮೇಲೆಯೇ ಮುಗಿಯಬೇಕು. ಇಲ್ಲಿ ಅಡ್ಡಬರುವುದು ಬಡತನ, ದೂರಗಳಷ್ಟೇ ಅಲ್ಲ, ನಮ್ಮ ಪ್ರೀತಿಯೂ ಹೌದು. “ಸತ್ತು ಬದುಕಿ ಬಂದಿದ್ದೀ, ಅಲ್ಲಾಡಬೇಡ, ಮಲಗಿರು” ಎಂದು ತಾಯಿ, ಅತ್ತೆ, ನೆರೆಹೊರೆಯವರು ಮಲಗಿಸುತ್ತಾರೆ. ಗಂಜಿಯೊಂದೇ ಪಥ್ಯವೆನ್ನುತ್ತಾರೆ. ಕಾಯಿಲೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಈ ಪ್ರೀತಿ ಪೂರ್ತಿಮಾಡುತ್ತದೆ. ಎರಡು ತಿಂಗಳ ಬಳಿಕವೂ ಆಕೆ ಏಳಲಾರದಿದ್ದರೆ, ಕಾಯಿಲೆಯೇ ಬಲವಾದುದೆಂದು ವಿಧಿಯನ್ನು ಹಳಿಯುತ್ತೇವೆ.

ಮಾಡಬೇಕಾದುದು ಇಷ್ಟೆ. ಆಸ್ಪತ್ರೆಯಿಂದ ಹೊರಡುವಾಗಲೇ ಚಿಕಿತ್ಸಕರನ್ನು ಕೇಳಿ, ಮನೆಯಲ್ಲಿ ಮಾಡತಕ್ಕ ಚಲನೆಗಳನ್ನು ಬರೆಯಿಸಿಕೊಳ್ಳಬೇಕು; “ನಮ್ಮ ಮನೆ ಗುಡ್ಡದ ಮೇಲಿದೆ” ಎಂಬುದನ್ನು ಅವರಿಗೆ ತಿಳಿಸಲೇಬೇಕು. ಮೊದಲ ವಾರ ಜಗಲಿಯಲ್ಲಿ ಕುರ್ಚಿಯಿಂದ ಐದು ಬಾರಿ ಎದ್ದು ಕೂರುವುದು, ಅಂಗಳದಲ್ಲಿ ಸುತ್ತು ಹಾಕುವುದು. ಆಮೇಲೆ ಒಂದು ಮೆಟ್ಟಿಲು. ಆಮೇಲೆ ಕಾಫಿ ಕಣದವರೆಗೆ. ಆಮೇಲೆ ಇಳಿಜಾರು, ಅಲ್ಲಲ್ಲಿ ಕುಳಿತು ಸುಧಾರಿಸಿಕೊಂಡು. ನಡೆಯುವಾಗ ಮಾತನಾಡಲು ಸಾಧ್ಯವಾಗುವಷ್ಟು ಶ್ರಮ ಹಿತ. ಮಾತೇ ಹೊರಡದಷ್ಟಾದರೆ ಅತಿ. ಎದೆನೋವು, ತಲೆಸುತ್ತು, ಹೊಸದಾಗಿ ಏದುಸಿರು ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೊಟ್ಟೆ, ಮೀನು, ಹಾಲು, ಹುರುಳಿ, ಹೆಸರುಕಾಳುಗಳಲ್ಲಿರುವ ಪ್ರೋಟೀನು ಸ್ನಾಯುವನ್ನು ಕಟ್ಟುವ ಸಾಮಗ್ರಿ. ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಮಾತ್ರ ಅದರ ಅಳತೆಯನ್ನು ವೈದ್ಯರಿಂದ ತಿಳಿಯಬೇಕು. ಕೆಟ್ಟ ಕನಸು, ಮರೆವು, ಮಂಕು ಇವು ಸೋಮಾರಿತನವಲ್ಲ, ಕಾಯಿಲೆಯ ಶೇಷವೆಂದು ಮನೆಯವರು ಅರಿಯಬೇಕು.

ನೀವೇ ಮಾಡಿ ನೋಡಿ

ಶಾಲೆಯ ಮೈದಾನದಲ್ಲಿ 30 ಮೀಟರು ಅಂತರದಲ್ಲಿ ಎರಡು ಕಲ್ಲುಗಳನ್ನಿಡಿ. ಗೆಳೆಯನೊಬ್ಬನು ಗಡಿಯಾರ ಹಿಡಿಯಲಿ. ಓಡದೆ, ಬಿರುಸಾಗಿ ಆರು ನಿಮಿಷ ನಡೆದು ಎಷ್ಟು ಸುತ್ತಾಯಿತೆಂದು ಎಣಿಸಿ, ದೂರವನ್ನು ಕಂಡುಹಿಡಿಯಿರಿ. ಬಹುಶಃ 422 ಮೀಟರನ್ನು ನೀವು ಸುಲಭವಾಗಿ ದಾಟುವಿರಿ. ಬಳಿಕ ಅದೇ ಆರು ನಿಮಿಷ ಒಂದು ಏರುದಾರಿಯಲ್ಲಿ ನಡೆದು, ಎರಡೂ ಸಲ ನಾಡಿಯ ಬಡಿತವನ್ನು ಎಣಿಸಿ ಹೋಲಿಸಿರಿ. ಕೈಮುರಿದು ಬ್ಯಾಂಡೇಜು ಬಿಚ್ಚಿಸಿಕೊಂಡ ಸಹಪಾಠಿಯಿದ್ದರೆ, ಅವನ ಎರಡು ತೋಳುಗಳ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ದುಡಿಯದ ಸ್ನಾಯು ಎಷ್ಟು ಬೇಗ ಸೊರಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಫಿಯ ಕೊಯ್ಲು ನವೆಂಬರಿನಲ್ಲಿ ಆರಂಭವಾಗುತ್ತದೆ. ಆಗಸ್ಟಿನಲ್ಲಿ ಘಾಟಿಯೇರಿ ಬಂದ ನಮ್ಮ ಕೆಲಸಗಾರ್ತಿಗೆ ಉಳಿದಿರುವುದು ಮೂರು ತಿಂಗಳು. ಆ ಹೊತ್ತಿಗೆ ಪೂರ್ಣಬಲ ಬಾರದಿರಬಹುದು. ಆ ವರ್ಷ ಚೀಲ ಹೊರುವ ಕೆಲಸವನ್ನು ಬೇರೊಬ್ಬರಿಗೆ ಬಿಟ್ಟು, ಆಕೆ ಕಣದಲ್ಲಿ ಕುಳಿತು ಹಣ್ಣು ಆರಿಸುವುದೇ ಮೇಲು. ಆದರೆ ಕಣದವರೆಗೆ ಆಕೆ ತನ್ನ ಕಾಲಿನಿಂದಲೇ ನಡೆದುಹೋಗುವಂತಾಗಬೇಕು. ನಾಳೆ ನಿಮ್ಮ ಮನೆಗೂ ಯಾರಾದರೂ ಹಾಗೆ ಘಾಟಿಯೇರಿ ಬಂದರೆ, ಹಾಸಿಗೆಯನ್ನು ಹಾಸಿಕೊಡಿ. ಮರುದಿನ ಬೆಳಗ್ಗೆ ಕೈಹಿಡಿದು ಅಂಗಳಕ್ಕೂ ಕರೆತನ್ನಿ.